ರಂಗೋಲಿ ಇಲ್ಲದ ಮನೆ

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಅಡ್ಡರಸ್ತೆಯ ಮೂಲೆಮನೆಯವರು ಮೂರು ದಿನದ ಮಟ್ಟಿಗೆ ಧರ್ಮಸ್ಥಳ, ಕುಕ್ಕೆಗೆಂದು ಹೋಗಿದ್ದಾಗ, ಹಾಡಹಗಲೇ ಅವರ ಮನೆಗೆ ಕನ್ನ ಹಾಕಿದರು. ಹೊರಡುವ ಮುನ್ನ ಅವರು ಹಾಲಿನವನಿಗೆ ತಿಳಿಸಿದ್ದರು, ಮುಂಬಾಗಿಲಿಗೆ ಎರಡು ಬೀಗ ಜಡಿದಿದ್ದರು, ಯಾರೋ ಇದ್ದಾರೆಂದು ತೋರಲಿ ಎಂದು ಹೊರಗಿನ ದೀಪವನ್ನೂ ಹಚ್ಚಿಟ್ಟಿದ್ದರು. ಪೇಪರಿನವನಿಗೆ ಹೇಳಲು ಮಾತ್ರ ಮರೆತಿದ್ದರು. ಗೇಟಿನೊಳಗೆ ಮೂರು ದಿನದ ಪತ್ರಿಕೆಗಳು ಸುರುಳಿ ಬಿಚ್ಚದೆ ಬಿದ್ದಿದ್ದವು, ಬೆಳಗಿನ ಹನ್ನೊಂದು ಗಂಟೆಗೂ ದೀಪ ಉರಿಯುತ್ತಲೇ ಇತ್ತು, ಗೇಟಿನ ಮುಂದೆ ರಂಗೋಲಿ ಇರಲಿಲ್ಲ. ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿಯಲು ಕಳ್ಳನಿಗೆ ಇಷ್ಟು ಸಾಕಾಯಿತು.

ಪೊಲೀಸರು ಸ್ಥಳದ ಮಹಜರಿಗೆ ಪಂಚರು, ಅಂದರೆ ಸಾಕ್ಷಿಗಳು, ಬೇಕೆಂದು ನನ್ನನ್ನೂ ಕರೆದರು. ಹಿತ್ತಿಲ ಬಾಗಿಲಿನ ಚಿಲಕ ಬಾಗಿತ್ತು, ಬೀರುವಿನ ಬಾಗಿಲನ್ನು ಸಲಾಕೆಯಿಂದ ಮೀಟಿದ್ದರು. ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬವನ್ನು ನೆಲಕ್ಕೆ ಸುರಿದು, ರಾಶಿಯನ್ನು ಕೈಯಿಂದ ಸವರಿ ನೋಡಿದ ಗುರುತು ಹಾಗೆಯೇ ಉಳಿದಿತ್ತು. ಅಕ್ಕಿಯೊಳಗೆ ಒಡವೆ ಬಚ್ಚಿಡುವ ನಮ್ಮ ಅಜ್ಜಿಯರ ಉಪಾಯ ಕಳ್ಳರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬೆರಳಚ್ಚು ತಂಡದವರು ಬೀರುವಿನ ಮೇಲೆ ಹಚ್ಚಿದ ಪುಡಿಯನ್ನು ಒರೆಸಲು ಆ ಮನೆಯಾಕೆಗೆ ಎಷ್ಟೋ ದಿನ ಮನಸ್ಸೇ ಬರಲಿಲ್ಲ.

ಆ ಸಂಜೆಯಿಂದ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಮ್ಮ ಏರಿಯಾ ಕೆಟ್ಟುಹೋಯಿತು’ ಎಂಬ ಮಾತು ಶುರುವಾಯಿತು. ನಾವಿರುವುದು ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಮೈಸೂರು ರಸ್ತೆಯಿಂದ ಸಾಕಷ್ಟು ಒಳಗೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂದ ಮೇಲೆ ಇಲ್ಲಿ ಬಾಡಿಗೆದಾರರು ಹೆಚ್ಚಿದ್ದಾರೆ, ಪೀಜಿಗಳು ಎದ್ದಿವೆ, ಆದರೂ ಪ್ರತಿ ಬೀದಿಯಲ್ಲಿ ನಾಲ್ಕೈದು ಖಾಲಿ ಸೈಟುಗಳು ಲಂಟಾನ ಬೆಳೆದುಕೊಂಡು ನಿಂತಿವೆ. ವರ್ಷದಲ್ಲಿ ಎಷ್ಟು ಕಳವುಗಳಾಗಿವೆ ಎಂದು ಗುಂಪಿನಲ್ಲೇ ಕೇಳಿದೆ. ಹದಿನಾಲ್ಕು ಉತ್ತರ ಬಂದವು. ಒಂದೊಂದನ್ನೇ ವಿಚಾರಿಸಿದಾಗ, ಒಂದೇ ಬೈಕಿನ ಕಳವನ್ನು ಮೂವರು ಹೇಳಿದ್ದರು, ಎರಡು ಘಟನೆಗಳು ಬೇರೆ ಬಡಾವಣೆಯವು, ಇನ್ನೊಂದು ಸುದ್ದಿವಾಹಿನಿಯಲ್ಲಿ ಕಂಡದ್ದು. ಕೊನೆಗೆ ಉಳಿದದ್ದು ಒಂಬತ್ತು. ಒಂಬತ್ತು ಕಡಿಮೆಯೆಂದು ನಾನು ಹೇಳುತ್ತಿಲ್ಲ, ಆದರೆ ಒಂಬತ್ತಕ್ಕೆ ಹೆದರುವ ರೀತಿ ಬೇರೆ, ಹದಿನಾಲ್ಕಕ್ಕೆ ಹೆದರುವ ರೀತಿ ಬೇರೆ.

ಸರ್ಕಾರದ ಅಂಕಿಅಂಶಗಳನ್ನು ನೋಡೋಣವೆಂದರೆ ಅಲ್ಲಿಯೂ ಎಚ್ಚರ ಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಮಹಾನಗರಗಳ ಅಪರಾಧ ಪ್ರಮಾಣವನ್ನು ಲಕ್ಷ ಜನಸಂಖ್ಯೆಗೆ ಇಷ್ಟು ಎಂದು ಕೊಡುತ್ತದೆ, ಆದರೆ ಅದಕ್ಕೆ ಭಾಜಕವಾಗಿ ಬಳಸುವುದು 2011ರ ಜನಗಣತಿಯ ಸಂಖ್ಯೆಯನ್ನು. ಬೆಂಗಳೂರಿಗೆ ಅದು ಸುಮಾರು 85 ಲಕ್ಷ. ಆಗ ರಾಗಿ ಹೊಲವಾಗಿದ್ದ ಜಾಗದಲ್ಲಿ ಈಗ ಮನೆ ಕಟ್ಟಿಕೊಂಡಿರುವ ನಮ್ಮಂಥವರು ಆ ಲೆಕ್ಕದಲ್ಲಿಲ್ಲ, ನಮ್ಮ ಮನೆಗಳಲ್ಲಾದ ಕಳವುಗಳು ಮಾತ್ರ ಇವೆ. ಜೊತೆಗೆ, ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನಷ್ಟೇ ಎಣಿಸುವ ಪದ್ಧತಿಯಿದೆ. ಸರಗಳ್ಳತನದ ವಿಷಯದಲ್ಲಂತೂ ವರ್ಷದಿಂದ ವರ್ಷಕ್ಕೆ ಹೋಲಿಸುವುದೇ ಕಷ್ಟ. ಕಸಿದುಕೊಂಡು ಓಡುವುದನ್ನು ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 304ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧವೆಂದು ಗುರುತಿಸಿ ಮೂರು ವರ್ಷದವರೆಗಿನ ಶಿಕ್ಷೆ ನಿಗದಿಪಡಿಸಿದೆ. ಆ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು.

ದೂರು ಕೊಡುವವರ ಸಂಖ್ಯೆಯೂ ಲೆಕ್ಕವನ್ನು ಬದಲಿಸುತ್ತದೆ. ನಗರ ಮುಗಿದು ಜಿಲ್ಲೆ ಆರಂಭವಾಗುವ ನಮ್ಮಂಥ ಅಂಚಿನ ಬಡಾವಣೆಗಳಲ್ಲಿ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತು ಕೇಳಿ ಮನೆಗೆ ಮರಳಿದವರು ಹಿಂದೆ ಹಲವರಿದ್ದರು. ಈಗ ದೂರು, ತನಿಖೆ, ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇ-ಮೇಲ್ ಮುಂತಾದ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಇದರಿಂದ ದಾಖಲಾಗುವ ಪ್ರಕರಣಗಳು ಹೆಚ್ಚಿದರೆ ಅದನ್ನು ಕೆಟ್ಟ ಸುದ್ದಿಯೆಂದು ನಾನು ತಿಳಿಯುವುದಿಲ್ಲ.

ಕಳವಾದ ನಂತರ ಸಂಘದ ಸಭೆಯಲ್ಲಿ ಬಂದ ಸಲಹೆಗಳು ಎರಡೇ: ಬಡಾವಣೆಯ ಬಾಯಿಗೆ ಗೇಟು ಹಾಕಬೇಕು, ಇನ್ನಷ್ಟು ಸಿಸಿಟಿವಿ ಬೇಕು. ಸಾರ್ವಜನಿಕ ರಸ್ತೆಗೆ ನಾವು ಗೇಟು ಹಾಕುವಂತಿಲ್ಲ ಎಂದು ನಿವೃತ್ತ ಎಂಜಿನಿಯರೊಬ್ಬರು ಹೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಕ್ಯಾಮೆರಾಗಳ ಸ್ಥಿತಿ ನಗು ತರಿಸುವಂಥದ್ದು. ನಮ್ಮ ಬೀದಿಯಲ್ಲಿರುವ ಹನ್ನೊಂದರಲ್ಲಿ ಪೊಲೀಸರು ಕೇಳಿದ ದಿನ ಕೆಲಸ ಮಾಡುತ್ತಿದ್ದವು ನಾಲ್ಕು. ಒಂದರ ಗಡಿಯಾರ ಎರಡು ಗಂಟೆ ಹಿಂದಿತ್ತು, ಇನ್ನೊಂದು ಪೂರ್ತಿಯಾಗಿ ಮಾಲೀಕರ ಕಾರನ್ನೇ ದಿಟ್ಟಿಸುತ್ತಿತ್ತು. ಹೆಚ್ಚು ಜನ ಸೇರುವ ಅಂಗಡಿ, ಆಸ್ಪತ್ರೆ, ಕಲ್ಯಾಣಮಂಟಪಗಳು ಮೂವತ್ತು ದಿನದ ದೃಶ್ಯಗಳನ್ನು ಕಾದಿಡಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ನಮ್ಮ ಬೀದಿಯ ಹಾರ್ಡ್ ಡಿಸ್ಕ್‌ಗಳು ವಾರಕ್ಕೊಮ್ಮೆ ಎಲ್ಲವನ್ನೂ ಮರೆಯುತ್ತವೆ.

ಅದೇ ಸಭೆಯಲ್ಲಿ ಕಟ್ಟಡ ಕೆಲಸದವರ ಶೆಡ್ಡುಗಳ ಕಡೆಗೆ ಬೆರಳು ತೋರಿದವರೂ ಇದ್ದರು. ಇದು ನನಗೆ ಸರಿಬರುವುದಿಲ್ಲ. ಸಂಜೆ ಏಳರ ನಂತರ ಆ ಶೆಡ್ಡುಗಳ ಮುಂದೆ ಒಲೆ ಉರಿಯುತ್ತದೆ, ಮಕ್ಕಳು ಆಡುತ್ತಿರುತ್ತಾರೆ. ನಮ್ಮ ಮನೆಯ ಹೆಣ್ಣುಮಕ್ಕಳು ಮೆಟ್ರೊ ನಿಲ್ದಾಣದಿಂದ ನಡೆದು ಬರುವಾಗ ಆರಿಸಿಕೊಳ್ಳುವುದು ಆ ಬೀದಿಯನ್ನೇ ಹೊರತು ಎತ್ತರದ ಕಾಂಪೌಂಡುಗಳ ನಮ್ಮ ನಿಶ್ಶಬ್ದ ಬೀದಿಯನ್ನಲ್ಲ.

ಆ ಒಂಬತ್ತರಲ್ಲಿ ಒಂದು ನಮ್ಮ ಎದುರು ಮನೆಯ ಅಜ್ಜಿಯದು. ಬೆಳಗಿನ ಆರು ಗಂಟೆಗೆ ರಂಗೋಲಿ ಹಾಕುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಸರಕ್ಕೆ ಕೈ ಹಾಕಿದರು. “ಅಡ್ರೆಸ್ ಕೇಳಿದನಪ್ಪಾ, ತಲೆಯೆತ್ತಿದೆ, ಅಷ್ಟೇ” ಎಂದು ಅವರು ನನಗೆ ಹೇಳುವಾಗ ಕುತ್ತಿಗೆಯ ಮೇಲೆ ದಾರದಷ್ಟು ತೆಳುವಾದ ಕೆಂಪು ಗೀರು ಇನ್ನೂ ಕಾಣುತ್ತಿತ್ತು. ರಂಗೋಲಿ ಇಲ್ಲದ ಮನೆಗೆ ಒಬ್ಬ ಕಳ್ಳ, ರಂಗೋಲಿ ಹಾಕುವವರಿಗೆ ಇನ್ನೊಬ್ಬ! 112ಕ್ಕೆ ಕರೆ ಮಾಡಿದೆವು, ಪೊಲೀಸರ ಹೊಯ್ಸಳ ಗಸ್ತು ವಾಹನವೂ ಬೇಗನೆ ಬಂತು, ಆದರೆ ಬೈಕು ಅಷ್ಟರಲ್ಲಿ ಮುಖ್ಯರಸ್ತೆ ಸೇರಿತ್ತು.

ಈಗ ಊರಿಗೆ ಹೋಗುವವರು ಬೀಟ್ ಪೊಲೀಸರಿಗೂ ಪಕ್ಕದ ಮನೆಗೂ ತಿಳಿಸಿಯೇ ಹೊರಡುತ್ತಾರೆ. ಮೊನ್ನೆ ಮೂಲೆಮನೆಯವರು ಮದುವೆಗೆಂದು ಶಿವಮೊಗ್ಗಕ್ಕೆ ಹೊರಟಾಗ ಪತ್ರಿಕೆಗಳನ್ನು ಎತ್ತಿಡುವ ಕೆಲಸ ನನಗೆ ಬಂತು, ಗೇಟಿನ ಮುಂದೆ ಎರಡೆಳೆ ರಂಗೋಲಿ ಎಳೆಯುವುದು ಅಜ್ಜಿಗೆ. ಅವರು ಏಳು ಗಂಟೆಗೆ, ಹಾಲಿನವನು ಬಂದು ಬೀದಿಯಲ್ಲಿ ನಾಲ್ಕು ಜನ ಓಡಾಡತೊಡಗಿದ ಮೇಲೆ, ಸೆರಗನ್ನು ಕುತ್ತಿಗೆಯ ಸುತ್ತ ಹೊದ್ದು, ಮನೆಗೆ ಬೆನ್ನು ಮಾಡಿ ರಸ್ತೆಗೆ ಮುಖವಾಗಿ ಕುಳಿತು ಚುಕ್ಕಿ ಇಡುತ್ತಿದ್ದರು.