ಫ್ಲೂ ಲಸಿಕೆ ಮೊದಲು ಅಜ್ಜಿಗಾ, ಮೊಮ್ಮಗನಿಗಾ?

ರೋಗ ಹೇಗೆ ಹರಡುತ್ತೆ ಅಂತ ಲೆಕ್ಕ ಹಾಕೋ ಗಣಿತದ ಮಾಡೆಲ್‌ಗಳ ಮೇಲೆ ಕೆಲಸ ಮಾಡ್ತೀನಿ ಅಂದ ತಕ್ಷಣ ಎಲ್ರೂ ಕೇಳೋದು ಇದನ್ನೇ: ಫ್ಲೂನಿಂದ ಜಾಸ್ತಿ ಸಾಯೋದು ವಯಸ್ಸಾದವರು, ಹಂಗಿದ್ಮೇಲೆ ಲಸಿಕೆ ಎಲ್ರಿಗೂ ಸಾಲದಿದ್ದಾಗ ಮಕ್ಕಳಿಗೆ ಮೊದಲು ಹಾಕಿ ಅಂತ ನಿಮ್ಮ ಲೆಕ್ಕ ಹೇಳೋದ್ಯಾಕೆ, ಅನ್ಯಾಯ ಅಲ್ವಾ?

ಅಜ್ಜಿಗೆ ಫ್ಲೂ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ನೋಡಿ, ಎಷ್ಟೋ ಸಲ ಒಂದು ಕ್ಲಾಸ್‌ರೂಮಿಗೆ ಹೋಗಿ ನಿಲ್ತೀರ. ಮಾಡೆಲ್ ಹಿಡಿಯೋದು ಆ ಹಾದಿನೇ. ಯಾವ ವಯಸ್ಸಿನವರು ಯಾರ ಜೊತೆ ಎಷ್ಟು ಬೆರೀತಾರೆ ಅಂತ ಯುರೋಪಿನ 8 ದೇಶಗಳಲ್ಲಿ 7,290 ಜನರ ಕೈಲಿ ಒಂದು ದಿನದ ಡೈರಿ ಬರೆಸಿದ್ರು, 2008ರಲ್ಲಿ ಅದು ಪ್ರಕಟ ಆಯ್ತು, ಶಾಲೆಗೆ ಹೋಗೋ ವಯಸ್ಸಿನವರು ತಮ್ಮ ವಾರಿಗೆಯವರ ಜೊತೆನೇ ವಿಪರೀತ ಬೆರೀತಾರೆ ಅನ್ನೋದು ಎದ್ದು ಕಾಣ್ತು. ಜೊತೆಗೆ ವಯಸ್ಸಾದವರ ದೇಹದಲ್ಲಿ ಲಸಿಕೆ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ, ಮಕ್ಕಳಲ್ಲಿ ಸೋಂಕಿನ ಸರಪಳಿ ತುಂಡಾದ್ರೆ ಅಜ್ಜಿ ತನಕ ವೈರಸ್ ಬರೋದೇ ಕಮ್ಮಿ. 2009ರಲ್ಲಿ ಮೆಡ್ಲಾಕ್, ಗಲ್ವಾನಿ ಅನ್ನೋ ಇಬ್ರು ಸಂಶೋಧಕರು ಅಮೆರಿಕದಲ್ಲಿ ಯಾರಿಗೆ ಮೊದಲು ಲಸಿಕೆ ಹಾಕ್ಬೇಕು ಅಂತ ಲೆಕ್ಕ ಹಾಕಿದಾಗ ಮೊದಲ ಸಾಲಲ್ಲಿ ಬಂದಿದ್ದು 5ರಿಂದ 19 ವರ್ಷದವರು, ಆಮೇಲೆ 30ರಿಂದ 39, ಅಂದ್ರೆ ಹೆಚ್ಚುಕಮ್ಮಿ ಆ ಮಕ್ಕಳ ಅಪ್ಪ ಅಮ್ಮಂದಿರು!

ಬರೀ ಕಾಗದದ ಮೇಲಿನ ಮಾತಲ್ಲ ಇದು. ಜಪಾನಿನಲ್ಲಿ 1962ರಿಂದ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಹಾಕ್ತಿದ್ರು, 1987ರಲ್ಲಿ ಬೇಡ ಅನ್ನೋ ಅವಕಾಶ ಕೊಟ್ರು, 1994ಕ್ಕೆ ನಿಂತೇಹೋಯ್ತು. ಆ ಕಾರ್ಯಕ್ರಮ ವರ್ಷಕ್ಕೆ 37,000ದಿಂದ 49,000 ಸಾವು ತಪ್ಪಿಸಿರಬಹುದು ಅಂತ 2001ರ ಒಂದು ಅಧ್ಯಯನ ಅಂದಾಜು ಮಾಡ್ತು, ಹಂಗೆ ಬದುಕುಳಿದವರಲ್ಲಿ ಹೆಚ್ಚಿನವರು ವಯಸ್ಸಾದವರು. ಈ ಅಂಕಿ ಬಗ್ಗೆ ತಕರಾರುಗಳಿವೆ, ಆದ್ರೂ ಓದಿದಾಗೆಲ್ಲ ನಂಗೆ ಮೈ ಜುಂ ಅನ್ಸುತ್ತೆ.

ಹಂಗಂತ ಮಾಡೆಲ್ ಹೇಳಿದ್ದೇ ಕೊನೆ ಮಾತಲ್ಲ, ಇದನ್ನ ಒತ್ತಿ ಹೇಳ್ತೀನಿ. ಲಸಿಕೆ ತಡವಾಗಿ ಬಂದು ಊರೆಲ್ಲಾ ಸೋಂಕು ಹಬ್ಬಿಬಿಟ್ಟಿದ್ರೆ ಸರಪಳಿ ತುಂಡು ಮಾಡೋಕೆ ಹೋಗಿ ಪ್ರಯೋಜನ ಇಲ್ಲ, ಆಗ ನೇರವಾಗಿ ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಕಾಯಿಲೆ ಇರೋರಿಗೆ ಹಾಕ್ಬೇಕು. ಇನ್ನೊಂದು ಪ್ರಶ್ನೆ, ಲೆಕ್ಕದಲ್ಲಿ ಏನನ್ನ ಎಣಿಸ್ತೀವಿ ಅನ್ನೋದು. ಸಾವು ಎಣಿಸಿದ್ರೆ ಎಲ್ಲ ಜೀವಾನೂ ಒಂದೇ, ಸಾವಿನಿಂದ ಕಳೆದುಹೋದ ಬದುಕಿನ ವರ್ಷಗಳನ್ನ ಎಣಿಸಿದ್ರೆ ಮಗುವಿನ ತೂಕ ಅಜ್ಜಿಗಿಂತ ಹೆಚ್ಚು. ಈ ಆಯ್ಕೆ ಸಮೀಕರಣ ಮಾಡಲ್ಲ, ಮನುಷ್ಯರು ಮಾಡೋದು, ಮಾಡಿದೋರು ಅದನ್ನ ಬಾಯಿಬಿಟ್ಟು ಹೇಳ್ಬೇಕು. "ಕಂಪ್ಯೂಟರ್ ಹೇಳ್ತು" ಅಂತ ಜಾರಿಕೊಳ್ಳೋದನ್ನ ನಾನು ಒಪ್ಪಲ್ಲ.

ಲಸಿಕೆ ಸಾಕಷ್ಟಿದ್ರೆ ಈ ಜಗಳನೇ ಇಲ್ಲ. ಬ್ರಿಟನ್ 2013ರಲ್ಲಿ ಮಕ್ಕಳಿಗೆ ಮೂಗಿಗೆ ಸ್ಪ್ರೇ ಮಾಡೋ ಲಸಿಕೆ ಶುರು ಮಾಡಿದಾಗ 65 ದಾಟಿದವರ ಇಂಜೆಕ್ಷನ್ ನಿಲ್ಲಿಸಲಿಲ್ಲ, ಎರಡೂ ಒಟ್ಟಿಗೇ ನಡೀತು.