ಗಣಿತದ ವಿದ್ಯಾರ್ಥಿಗೆ ಧರ್ಮದ ಪಾಠ: ಸೇಂಟ್ ಓಲಾಫ್ ಕಾಲೇಜಿನ ನೆನಪುಗಳು

ಅಮೆರಿಕದ ಮಿನೆಸೋಟ ರಾಜ್ಯದ ನಾರ್ತ್‌ಫೀಲ್ಡ್ ಎಂಬ ಸಣ್ಣ ಊರಿನ ಗುಡ್ಡದ ಮೇಲೆ ಸೇಂಟ್ ಓಲಾಫ್ ಕಾಲೇಜು ಇದೆ. ನಾರ್ವೆಯಿಂದ ವಲಸೆ ಬಂದು ಅಲ್ಲಿ ಬೇಸಾಯಕ್ಕೆ ನೆಲೆನಿಂತ ಲೂಥರನ್ ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಪಂಗಡದ ಕುಟುಂಬಗಳು 1874ರಲ್ಲಿ, ಬರ್ನ್ಟ್ ಯೂಲಿಯಸ್ ಮೂಸ್ ಎಂಬ ಪಾದ್ರಿಯ ಮುಂದಾಳತ್ವದಲ್ಲಿ ಇದನ್ನು ಶಾಲೆಯಾಗಿ ಆರಂಭಿಸಿದವು. ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳಿಗೂ ಮೊದಲಿನಿಂದಲೇ ಅಲ್ಲಿ ಪ್ರವೇಶವಿತ್ತು. ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಮುಗಿಸಿ, ವಿದ್ಯಾರ್ಥಿವೇತನದ ಬಲದಿಂದ 1990ರ ದಶಕದ ಕೊನೆಯಲ್ಲಿ ನಾನು ಅಲ್ಲಿಗೆ ಪದವಿ ವ್ಯಾಸಂಗಕ್ಕೆ ಹೋದೆ. ಅಲ್ಲಿನ ಪಠ್ಯಕ್ರಮ ಹೇಗಿತ್ತೆಂದು ಬರೆಯಬೇಕೆಂದು ಈ ಸಂಚಿಕೆಯ ಸಂಪಾದಕರು ಕೇಳಿದ್ದಾರೆ. ಅಲ್ಲಿನ ಚಳಿ, ಊಟ, ಹಿಮದ ವಿಚಾರಗಳನ್ನು ಬದಿಗಿಟ್ಟು ಅದನ್ನಷ್ಟೇ ಬರೆಯುತ್ತೇನೆ.

ನಮ್ಮಲ್ಲಿ ಹತ್ತನೆಯ ತರಗತಿ ಮುಗಿಯುತ್ತಿದ್ದಂತೆಯೇ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ದಾರಿ ಕವಲೊಡೆಯುತ್ತದೆ. ಒಮ್ಮೆ ಒಂದು ಕವಲು ಹಿಡಿದವರಿಗೆ ಇನ್ನೊಂದರ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ. ಸೇಂಟ್ ಓಲಾಫ್‌ನದು ಲಿಬರಲ್ ಆರ್ಟ್ಸ್ ಪದ್ಧತಿಯಾದ್ದರಿಂದ, ಪದವಿಗೆ ಬೇಕಾದ ಮೂವತ್ತೈದು ಕೋರ್ಸುಗಳಲ್ಲಿ ಮುಖ್ಯ ವಿಷಯಕ್ಕೆ ಸೇರುವಂಥವು ಒಂದು ಭಾಗ ಮಾತ್ರ. ಉಳಿದವುಗಳಲ್ಲಿ ಬರವಣಿಗೆ, ಒಂದು ವಿದೇಶಿ ಭಾಷೆ, ಇತಿಹಾಸ, ಸಾಹಿತ್ಯ, ಕಲೆ, ವಿಜ್ಞಾನ, ಸಮಾಜಶಾಸ್ತ್ರಗಳ ಜೊತೆಗೆ ದೈಹಿಕ ಚಟುವಟಿಕೆಯ ಕೋರ್ಸುಗಳೂ ಕಡ್ಡಾಯವಾಗಿದ್ದವು. ಇವೆಲ್ಲವೂ ಅಮೆರಿಕದ ಅನೇಕ ಕಾಲೇಜುಗಳಲ್ಲಿ ಸಿಗುವಂಥವೇ. ಬೈಬಲ್ ಅಧ್ಯಯನದ ಒಂದು ಕೋರ್ಸು, ಕ್ರೈಸ್ತ ದೇವತಾಶಾಸ್ತ್ರದ ಮತ್ತೊಂದು, ಕೊನೆಯ ಹಂತದಲ್ಲಿ ನೀತಿವಿಚಾರದ ಇನ್ನೊಂದು, ಈ ಮೂರನ್ನು ಯಾವ ವಿಷಯದ ವಿದ್ಯಾರ್ಥಿಯೂ ಬಿಡುವಂತಿರಲಿಲ್ಲ. ಆ ಕಾಲೇಜಿನ ಜೀವಾಳ ಇರುವುದು ಇವುಗಳಲ್ಲೇ ಎಂದು ನಾನು ಇಂದಿಗೂ ನಂಬಿದ್ದೇನೆ.

ಬೈಬಲ್ ಕಡ್ಡಾಯವೆಂದು ತಿಳಿದಾಗ ನಮ್ಮ ಮನೆಯಲ್ಲಿ ಆತಂಕವಾಗಿದ್ದುದು ನಿಜ. ಮತಾಂತರದ ಪಾಠವಿರಬಹುದೆಂಬುದು ಅಜ್ಜಿಯ ಅನುಮಾನ. ಆದರೆ ತರಗತಿಯಲ್ಲಿ ನಡೆದದ್ದೇ ಬೇರೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲೆರಡು ಅಧ್ಯಾಯಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು, ಯಾವುದರ ನಂತರ ಯಾವುದು ಸೃಷ್ಟಿಯಾಯಿತೆಂದು ಹಾಳೆಯಲ್ಲಿ ಎರಡು ಸಾಲಾಗಿ ಬರೆಯಲು ಅಧ್ಯಾಪಕರು ಹೇಳಿದರು. ಮೊದಲ ಅಧ್ಯಾಯದಲ್ಲಿ ಗಿಡಮರಗಳು, ಆಮೇಲೆ ಪ್ರಾಣಿಗಳು, ಕಟ್ಟಕಡೆಗೆ ಗಂಡು ಹೆಣ್ಣು ಒಟ್ಟಿಗೇ ಬರುತ್ತಾರೆ; ಎರಡನೆಯದರಲ್ಲಿ ಮೊದಲು ಗಂಡು, ನಂತರ ತೋಟದ ಮರಗಳು, ನಂತರ ಪ್ರಾಣಿಗಳು, ಕೊನೆಗೆ ಹೆಣ್ಣು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿಯೆಂದೂ ಕುಮಾರವ್ಯಾಸನಲ್ಲಿ ಐವರ ಮಡದಿಯೆಂದೂ ಓದಿ ಬಂದಿದ್ದ ನನಗೆ ಇದು ಕೌತುಕವೆನಿಸಿತೇ ಹೊರತು ಕಳವಳವನ್ನುಂಟುಮಾಡಲಿಲ್ಲ. ಕಳವಳಗೊಂಡವನು ಪಕ್ಕದಲ್ಲಿ ಕುಳಿತಿದ್ದ, ಚಿಕ್ಕಂದಿನಿಂದ ಪ್ರತಿ ಭಾನುವಾರ ಚರ್ಚಿಗೆ ಹೋಗಿ ಬೆಳೆದ ರೈತರ ಮನೆಯ ಹುಡುಗ. ಅಧ್ಯಾಪಕರು ಅವನ ನಂಬಿಕೆಯನ್ನು ಹಗುರ ಮಾಡಲಿಲ್ಲ, ಪ್ರಶ್ನೆಯನ್ನು ಹಿಂದೆಗೆದುಕೊಳ್ಳಲೂ ಇಲ್ಲ. ಈ ಎರಡು ನಿರೂಪಣೆಗಳನ್ನು ಜೋಡಿಸಿ ಉಳಿಸಿಕೊಂಡವರು ಇವುಗಳ ನಡುವಿನ ವ್ಯತ್ಯಾಸವನ್ನು ಕಾಣದಷ್ಟು ದಡ್ಡರಾಗಿದ್ದರೇ ಎಂದು ಮರುಪ್ರಶ್ನೆ ಹಾಕಿ ನಮ್ಮನ್ನು ಓದಿಗೆ ಹಚ್ಚಿದರು. ಪೂಜ್ಯವೆನಿಸಿದ ಗ್ರಂಥವನ್ನು ಪೂಜ್ಯಭಾವ ಕಳೆಯದೆ, ಕಣ್ಣನ್ನೂ ಮುಚ್ಚದೆ ಓದಬಹುದೆಂದು ಅಂದು ಕಂಡುಕೊಂಡೆ. ನಮ್ಮ ಊರಿನ ಕಾಲೇಜುಗಳಲ್ಲೂ ನಮ್ಮ ಗ್ರಂಥಗಳನ್ನು ಎಲ್ಲ ವಿಭಾಗದ ಮಕ್ಕಳು ಹೀಗೆ ಓದುವಂತಾದರೆ ಎಷ್ಟು ಚೆನ್ನ ಎಂಬ ಆಸೆ ನನ್ನನ್ನು ಬಿಟ್ಟಿಲ್ಲ.

ಲೂಥರನ್ ಪರಂಪರೆಗೆ ವಿಶ್ವವಿದ್ಯಾಲಯದ ನಂಟು ಹುಟ್ಟಿನಿಂದಲೇ ಬಂದದ್ದು. ಈ ಪಂಗಡದ ಮೂಲಪುರುಷ, ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಅವರ ಜೊತೆಗಾರ ಮೆಲಾಂಕ್ಟನ್ ಅಲ್ಲಿಯೇ ಗ್ರೀಕ್ ಪ್ರಾಧ್ಯಾಪಕರು. ಊರೂರಿನಲ್ಲಿ ಶಾಲೆ ತೆರೆದು ಹೆಣ್ಣುಮಕ್ಕಳಿಗೂ ಕಲಿಸಬೇಕೆಂದು 1524ರಲ್ಲಿ ಲೂಥರ್ ಜರ್ಮನಿಯ ನಗರಗಳ ಆಡಳಿತಗಾರರಿಗೆ ಬರೆದಿದ್ದರು. ದೇವತಾಶಾಸ್ತ್ರದ ಕೋರ್ಸಿನಲ್ಲಿ ಇದರ ಬೆನ್ನಿಗೇ ಬಂದದ್ದು ವೃತ್ತಿಯ ಕುರಿತ ಅವರ ವಿಚಾರ. ಸನ್ಯಾಸಿಯ ಜಪತಪಕ್ಕಿಂತ ಚಮ್ಮಾರನ ದುಡಿಮೆಯಾಗಲಿ ತಾಯಿ ಮಗುವಿಗೆ ಮಾಡುವ ಆರೈಕೆಯಾಗಲಿ ಕೀಳಲ್ಲ, ಎರಡೂ ದೇವರ ಕರೆಗೆ ಓಗೊಡುವ ಬಗೆಗಳೇ ಎಂಬುದು ಅದರ ತಿರುಳು. ಹನ್ನೆರಡನೆಯ ಶತಮಾನದ ಶರಣರ ಬಗ್ಗೆ, ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ಬದುಕಿದ ಆಯ್ದಕ್ಕಿ ಮಾರಯ್ಯನ ಬಗ್ಗೆ ನಾನು ಹೇಳಿದೆ. ಅಧ್ಯಾಪಕರು ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಆ ಚರ್ಚೆಗೆ ಎಡೆಮಾಡಿಕೊಟ್ಟರು. ಹೋಲಿಕೆ ಕಂಡು ಎಲ್ಲರೂ ಸಂತೋಷಪಟ್ಟರಾದರೂ, ಮಾತು ಬೆಳೆದಂತೆ ವ್ಯತ್ಯಾಸವೂ ಸ್ಪಷ್ಟವಾಯಿತು. ಲೂಥರ್ ಪ್ರಕಾರ ದುಡಿಮೆಯಿಂದ ಮುಕ್ತಿ ದೊರೆಯುವುದಿಲ್ಲ, ಅದು ದೈವಕೃಪೆಯ ಮಾತು. ದುಡಿಮೆ ಇರುವುದು ನೆರೆಯವರ ಸಲುವಾಗಿ. ಮಾರಯ್ಯನಿಗಾದರೋ ಕಾಯಕವೇ ಕೈಲಾಸ. ಯಾವುದು ಸರಿಯೆಂದು ಆ ದಿನ ಯಾರೂ ತೀರ್ಪು ಕೊಡಲಿಲ್ಲ, ನನಗೂ ಅದರ ಅಗತ್ಯ ಕಾಣಲಿಲ್ಲ.

ವರ್ಷದ ರಚನೆಯೂ ಬೇರೆಯೇ ಆಗಿತ್ತು. ಮೊದಲ ಅವಧಿಯಲ್ಲಿ ನಾಲ್ಕು ಕೋರ್ಸು, ವಸಂತದ ಅವಧಿಯಲ್ಲಿ ನಾಲ್ಕು, ನಡುವೆ ಜನವರಿಯ ಒಂದು ತಿಂಗಳು ಒಂದೇ ಕೋರ್ಸು. ಒಂದು ಜನವರಿಯಲ್ಲಿ ನಾನು ಗಣಿತ ವಿಭಾಗದ ಪ್ರಾಕ್ಟಿಕಮ್ ಆರಿಸಿಕೊಂಡೆ. ಹೊರಗಿನ ಸಂಸ್ಥೆಗಳು ತಮ್ಮ ನಿಜವಾದ ಸಮಸ್ಯೆಗಳನ್ನು ತಂದುಕೊಡುತ್ತಿದ್ದವು. ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ತಿಂಗಳಿಡೀ ಅದನ್ನೇ ಜಗಿದು, ಕೊನೆಗೆ ಆ ಸಂಸ್ಥೆಯವರ ಎದುರು ಉತ್ತರ ಒಪ್ಪಿಸಬೇಕಿತ್ತು. ನಮಗೆ ಬಂದದ್ದು ಗೋದಾಮಿನಲ್ಲಿ ಯಾವ ಸರಕನ್ನು ಎಷ್ಟು ದಾಸ್ತಾನು ಇಡಬೇಕೆಂಬ ಲೆಕ್ಕ. ಸಮೀಕರಣ ಬಿಡಿಸುವುದಕ್ಕಿಂತ, ಗಣಿತ ಓದದ ವ್ಯವಸ್ಥಾಪಕರಿಗೆ ತಿಳಿಯುವಂತೆ ವರದಿ ಬರೆಯುವುದಕ್ಕೆ ಹೆಚ್ಚು ದಿನ ಹಿಡಿಯಿತು. ಮೊದಲ ವರ್ಷದ ಕಡ್ಡಾಯ ಬರವಣಿಗೆ ಕೋರ್ಸು ಆಗ ನಮ್ಮ ಕೈಹಿಡಿಯಿತು.

ನೀತಿವಿಚಾರಕ್ಕೆ ನಾನು ಆರಿಸಿಕೊಂಡದ್ದು ವೈದ್ಯಕೀಯಕ್ಕೆ ಸಂಬಂಧಿಸಿದ ಕೋರ್ಸು. ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನಡೆದ ಅಧ್ಯಯನದ ಬಗ್ಗೆ ಅಲ್ಲಿ ಓದಿದೆವು. ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪುವರ್ಣೀಯ ಪುರುಷರಿಗೆ ಕಾಯಿಲೆಯ ವಿಷಯವನ್ನು ಸರಿಯಾಗಿ ತಿಳಿಸದೆ, ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಅದನ್ನು ಕೊಡದೆ, ರೋಗ ಬೆಳೆಯುವ ಬಗೆಯನ್ನು ಅಮೆರಿಕದ ಸರ್ಕಾರಿ ವೈದ್ಯರು ನೋಡುತ್ತಾ ಉಳಿದರು. ಹೋಲಿಕೆಗಾಗಿ ಕಾಯಿಲೆಯಿಲ್ಲದ 201 ಮಂದಿಯ ಇನ್ನೊಂದು ಗುಂಪು. ಆ ವೇಳೆಗೆ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಹೋಲಿಕೆಯ ಗುಂಪನ್ನು ಬರೀ ಕೋಷ್ಟಕದ ಒಂದು ಕಂಬಸಾಲಾಗಿ ಕಾಣುವುದು ನನಗೆ ರೂಢಿಯಾಗಿತ್ತು. ಪ್ರತಿಯೊಂದು ಅಂಕಿಯ ಹಿಂದೆ ಹೆಂಡತಿ ಮಕ್ಕಳಿದ್ದ ಒಬ್ಬೊಬ್ಬ ಗೇಣಿದಾರನಿದ್ದಾನೆಂದು ಅರಿವಾದಾಗ, ಲೂಥರ್ ಹೇಳಿದ ನೆರೆಯವರು ಯಾರೆಂಬುದು ನನ್ನ ಮಟ್ಟಿಗೆ ಇತ್ಯರ್ಥವಾಯಿತು. ಇಂದು ಬೆಂಗಳೂರಿನಲ್ಲಿ ಔಷಧ ಪರೀಕ್ಷೆಗಳ ಅಂಕಿಅಂಶ ನೋಡುವುದೇ ನನ್ನ ಉದ್ಯೋಗ. ಹೊಸ ಪರೀಕ್ಷೆಯ ಕಡತ ತೆರೆದಾಗ ಮೊದಲು ಓದುವುದು ರೋಗಿಗೆ ಕೊಡುವ ಒಪ್ಪಿಗೆ ಪತ್ರವನ್ನು, ಅದೂ ಕನ್ನಡದಲ್ಲಿರುವ ಪ್ರತಿಯನ್ನು.

ಆ ಪಠ್ಯಕ್ರಮ ಈಗ ಬದಲಾಗಿದೆ. 2021ರಿಂದ ಹೊಸ ಚೌಕಟ್ಟು ಬಂದಿದ್ದು, ಅಧಿಕಾರ ಮತ್ತು ಜನಾಂಗದ ಪ್ರಶ್ನೆಗಳಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ಧರ್ಮ ಮತ್ತು ನೀತಿಯ ಕೋರ್ಸುಗಳು ಹೊಸ ರೂಪದಲ್ಲಿ ಉಳಿದಿವೆ. ನಮ್ಮ ಕಾಲೇಜಿನಿಂದ ಇಂಥ ಕಡೆಗೆ ಅರ್ಜಿ ಹಾಕಲು ಬಯಸುವ ವಿದ್ಯಾರ್ಥಿಗಳು ಮುಖ್ಯ ವಿಷಯದ ಪಟ್ಟಿಯನ್ನು ನೋಡುವ ಮೊದಲು ಕಡ್ಡಾಯ ಕೋರ್ಸುಗಳ ಪಟ್ಟಿಯನ್ನು ತರಿಸಿಕೊಂಡು ಓದಲಿ. ಅರ್ಜಿಯ ಪ್ರಬಂಧ ಬರೆಯುವಾಗ ನನ್ನ ನೆರವು ಬೇಕಿದ್ದವರು ಪ್ರಾಂಶುಪಾಲರ ಮೂಲಕ ತಿಳಿಸಿದರೆ ಸಂತೋಷದಿಂದ ಬಂದು ಜೊತೆಗೆ ಕೂರುತ್ತೇನೆ.