ಏಳು ಗ್ರಾಂ ಮದ್ದು

ಇಲ್ಲಿ ಅಮೆರಿಕದ ಮೊಂಟಾನಾದಲ್ಲಿ ಪಕ್ಕದ ಮನೆಯ ಅಜ್ಜ ಎರಡು ವರ್ಷದಿಂದ ಒಂದೇ ರೈಫಲ್ ರಿಪೇರಿ ಹಿಡಿದು ಕೂತಿದ್ದಾರೆ. ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್, 1886ರ ಮಾದರಿ. ಅದಕ್ಕೆ ಹೊಸ ದಪ್ಪ ನಳಿಗೆ, .50-110 ಕ್ಯಾಲಿಬರ್. ಅಂದ್ರೆ ಅರ್ಧ ಇಂಚು ದಪ್ಪದ ಗುಂಡು, 110 ಗ್ರೇನ್ ಕರಿಮದ್ದು. ಸುಮಾರು ಏಳು ಗ್ರಾಂ. ಗ್ರೇನ್ ಅಂದ್ರೆ ಮೂಲದಲ್ಲಿ ಬಾರ್ಲಿ ಕಾಳಿನ ತೂಕ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದಹಾಗೆ ಅಲ್ವಾ!

ಇದೇ ಮಾದರಿಗೆ ಬರುತ್ತಿದ್ದ ಇನ್ನೊಂದು ಅಳತೆಯ .45-70 ತೋಟಾ ಆದರೆ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಇದಕ್ಕೆ ಪರದಾಟವೇ ಜಾಸ್ತಿ. ಮತ್ಯಾಕೆ ಇದೇ ಬೇಕು ಅಂತ ಕೇಳಿದೆ. ಸುಮ್ನೆ ನಕ್ಕರು. ತೋಟಾ ಏರಿಸುವ ಲಿವರನ್ನು ಕೆಳಗೆಳೆದು ಮೇಲಕ್ಕೆ ತಂದರು. ಕ್ಲಕ್, ಕ್ಲಕ್. ಇನ್ನೂ ಸ್ವಲ್ಪ ಬಿಗಿ ಇದೆ ಅಂತ ಮತ್ತೆ ಬಿಚ್ಚಿದರು.

ನಮ್ಮಪ್ಪನೂ ಹಳೇ ರೇಡಿಯೋ ಹೀಗೇ ಬಿಚ್ಚುತ್ತಿದ್ದರು, ಚೆನ್ನಾಗಿ ಹಾಡುತ್ತಿದ್ದಾಗಲೂ.